ಕ್ಲೆರ್ಮೋಂ-ಫೆರಾಂ: ಒಂದು ಊರು ಬೆಳೆಸಿದ ಕಿರುಚಿತ್ರೋತ್ಸವ

ಫ್ರಾನ್ಸಿನ ಚಿತ್ರೋತ್ಸವ ಎಂದೊಡನೆ ನಮ್ಮವರ ನೆನಪಿಗೆ ಬರುವುದು ಕಾನ್. ಆದರೆ ಕಿರುಚಿತ್ರ ಮಾಡುವವರನ್ನು ಕೇಳಿದರೆ, ಅವರು ಅಷ್ಟೇ ಗೌರವದಿಂದ ಹೇಳುವ ಇನ್ನೊಂದು ಹೆಸರು ನಾನು ಈಗ ನೆಲೆಸಿರುವ ಕ್ಲೆರ್ಮೋಂ-ಫೆರಾಂ. ಆರಿಹೋದ ಜ್ವಾಲಾಮುಖಿಗಳ ಸಾಲಿನ ಬುಡದಲ್ಲಿರುವ ಈ ಊರು ಕಪ್ಪು ಲಾವಾ ಕಲ್ಲಿನ ಕೆಥೆಡ್ರಲ್‌ಗೂ ಮಿಶೆಲಿನ್ ಟೈರ್ ಕಂಪನಿಯ ಪ್ರಧಾನ ಕಚೇರಿಗೂ ಹೆಸರಾದದ್ದು. ಪ್ಯಾರಿಸಿನಿಂದ ರೈಲಿನಲ್ಲಿ ಬರಲು ಸುಮಾರು ಮೂರೂವರೆ ಗಂಟೆ ಬೇಕು. ಇಲ್ಲಿ ಕಡಲತೀರವಿಲ್ಲ, ತಾರೆಯರ ಮೆರವಣಿಗೆ ಇಲ್ಲ, ಉತ್ಸವ ನಡೆಯುವುದೂ ಜನವರಿಯ ಕೊನೆ ಮತ್ತು ಫೆಬ್ರವರಿಯ ಆರಂಭದ ಕೊರೆಯುವ ಚಳಿಯಲ್ಲಿ. ಹೀಗಿದ್ದೂ ಇದು ಕಿರುಚಿತ್ರಗಳಿಗೆ ಮೀಸಲಾದ ಜಗತ್ತಿನ ಅತಿದೊಡ್ಡ ಉತ್ಸವ. ಪ್ರೇಕ್ಷಕರ ಲೆಕ್ಕದಲ್ಲಿ ಫ್ರಾನ್ಸಿನಲ್ಲಿ ಕಾನ್ ಬಿಟ್ಟರೆ ಇದೇ ಎಂಬ ಮಾತಿದೆ. ಇಲ್ಲಿ ಬರುವ ಹೆಚ್ಚಿನ ಹೆಸರುಗಳು ಯಾರೂ ಕೇಳಿರದಂಥವು, ಹಲವರದು ಮೊದಲನೆಯ ಅಥವಾ ಎರಡನೆಯ ಚಿತ್ರ.

ಇದರ ಆರಂಭ ತೀರಾ ಸಣ್ಣದು. 1979ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಚಿತ್ರಸಂಘ ಒಂದು ವಾರದ ಮಟ್ಟಿಗೆ ಕಿರುಚಿತ್ರಗಳನ್ನು ತೋರಿಸಿತು, ಅಷ್ಟೇ. ಆಗ ಕಿರುಚಿತ್ರಕ್ಕೆ ಫ್ರಾನ್ಸಿನಲ್ಲಿ ನೆಲೆ ತಪ್ಪಿತ್ತು. ಹಿಂದೆ ಚಿತ್ರಮಂದಿರಗಳಲ್ಲಿ ಪೂರ್ಣಾವಧಿ ಚಿತ್ರದ ಜೊತೆಗೆ ಒಂದು ಕಿರುಚಿತ್ರವನ್ನೂ ತೋರಿಸಬೇಕೆಂಬ ವ್ಯವಸ್ಥೆ ಇತ್ತು. 1953ರಲ್ಲಿ ಆ ಆಸರೆ ತಪ್ಪಿದಾಗ ನಿರ್ದೇಶಕರು ಒಗ್ಗೂಡಿ ಪ್ರತಿಭಟಿಸಿದ್ದರು. 1955ರಲ್ಲಿ ತೂರ್ ನಗರದಲ್ಲಿ ಆರಂಭವಾದ ಕಿರುಚಿತ್ರೋತ್ಸವವೂ 1970ರ ದಶಕದ ಆರಂಭದಲ್ಲಿ ನಿಂತುಹೋಯಿತು. ಚಿತ್ರ ಮಾಡುವವರಿದ್ದರು, ತೋರಿಸುವ ಜಾಗವಿರಲಿಲ್ಲ. ಆ ಕೊರತೆಯನ್ನು ತುಂಬಲು ಹೊರಟ ವಿದ್ಯಾರ್ಥಿಗಳು 1982ರಲ್ಲಿ ಸ್ಪರ್ಧೆಯನ್ನೂ 1986ರಲ್ಲಿ ಕಿರುಚಿತ್ರ ಮಾರುಕಟ್ಟೆಯನ್ನೂ ಆರಂಭಿಸಿದರು. ಅಂತರರಾಷ್ಟ್ರೀಯ ಸ್ಪರ್ಧೆ ಶುರುವಾದದ್ದು 1988ರಲ್ಲಿ, ಪ್ರಯೋಗಶೀಲ ಚಿತ್ರಗಳಿಗಾಗಿ 'ಲ್ಯಾಬ್' ಎಂಬ ವಿಭಾಗ ಬಂದದ್ದು 2002ರಲ್ಲಿ. ಈ ಇಸವಿಗಳ ನಡುವಿನ ಅಂತರವನ್ನು ಗಮನಿಸಬೇಕು. ಹೊರದೇಶದ ಚಿತ್ರಗಳಿಗೆ ಸ್ಪರ್ಧೆ ಏರ್ಪಡಿಸುವ ಮೊದಲು ಅವರು ಒಂಬತ್ತು ವರ್ಷ ತಮ್ಮ ಊರಿನ ಜನರಿಗೆ ಕಿರುಚಿತ್ರ ನೋಡುವ ಅಭ್ಯಾಸ ಮಾಡಿಸಿದ್ದರು. ಉತ್ಸವದ ಬೆಳವಣಿಗೆಗೆ ಮುಖ್ಯ ಕಾರಣ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ನಗರದ ಜನಸಂಖ್ಯೆ ಹೆಚ್ಚುಕಡಿಮೆ ಒಂದೂವರೆ ಲಕ್ಷ. ಉತ್ಸವದ ಪ್ರದರ್ಶನಗಳಿಗೆ ಬರುವವರ ಒಟ್ಟು ಲೆಕ್ಕ, ಒಬ್ಬರೇ ಹಲವು ಸಲ ಬಂದದ್ದನ್ನೂ ಸೇರಿಸಿ, ಅದಕ್ಕಿಂತ ಹೆಚ್ಚು. ಹೊರಗಿನಿಂದ ಬರುವ ಚಿತ್ರರಂಗದವರಿಂದಷ್ಟೇ ಆ ಸಂಖ್ಯೆ ಮುಟ್ಟಲು ಸಾಧ್ಯವಿಲ್ಲ. ನಮ್ಮ ಕಚೇರಿಯಲ್ಲಿ ಈ ವಾರಕ್ಕೆಂದೇ ರಜೆ ಉಳಿಸಿಕೊಳ್ಳುವವರಿದ್ದಾರೆ. ನಾವಿರುವ ಕಟ್ಟಡದ ಮೇಲಿನ ಮಹಡಿಯ ನಿವೃತ್ತ ಶಿಕ್ಷಕಿಯೊಬ್ಬರು ಕಾರ್ಯಕ್ರಮದ ಪುಸ್ತಿಕೆ ಕೈಗೆ ಬಂದೊಡನೆ ಪೆನ್ಸಿಲ್ ಹಿಡಿದು ಕೂರುತ್ತಾರೆ, ನೋಡಿ ಬಂದ ಚಿತ್ರಗಳ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಟಿಪ್ಪಣಿ ಬರೆಯುತ್ತಾರೆ, ಮೆಟ್ಟಿಲಲ್ಲಿ ಎದುರಾದಾಗ "ಐ ನಾಲ್ಕು ನೋಡಿದಿರಾ? ಎರಡನೆಯ ಚಿತ್ರಕ್ಕಾಗಿಯಾದರೂ ಹೋಗಿ" ಎನ್ನುತ್ತಾರೆ.

'ಐ ನಾಲ್ಕು' ಎಂದರೆ ಅಂತರರಾಷ್ಟ್ರೀಯ ಸ್ಪರ್ಧೆಯ ನಾಲ್ಕನೆಯ ಕಂತು. ಇಲ್ಲಿ ಚಿತ್ರಗಳನ್ನು ಬಿಡಿಯಾಗಿ ತೋರಿಸುವುದಿಲ್ಲ. ಕೆಲವು ಚಿತ್ರಗಳನ್ನು ಸೇರಿಸಿ ಸುಮಾರು ಒಂದೂವರೆ ಗಂಟೆಯ ಒಂದೊಂದು ಕಂತು ಮಾಡುತ್ತಾರೆ. ಅಂತರರಾಷ್ಟ್ರೀಯ ಕಂತುಗಳಿಗೆ 'ಐ', ಫ್ರೆಂಚ್ ಚಿತ್ರಗಳಿಗೆ 'ಎಫ್', ಲ್ಯಾಬ್ ವಿಭಾಗಕ್ಕೆ 'ಎಲ್' ಎಂಬ ಅಕ್ಷರ. ಒಂದೇ ಕಂತಿನಲ್ಲಿ ಒಂದು ಆನಿಮೇಷನ್, ಒಂದು ಸಾಕ್ಷ್ಯಚಿತ್ರ, ನಗಿಸುವುದೊಂದು, ಎದೆ ಕಲಕುವುದೊಂದು ಇರುವಂತೆ ಹೊಂದಿಸುತ್ತಾರೆ. ನೋಡಲು ಸಣ್ಣ ಏರ್ಪಾಡು ಅನ್ನಿಸಿದರೂ ಹೊಸ ನಿರ್ದೇಶಕರಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಹೆಸರು ನೋಡಿ ಚಿತ್ರ ಆರಿಸಿಕೊಳ್ಳುವ ಅವಕಾಶವೇ ಪ್ರೇಕ್ಷಕನಿಗಿಲ್ಲ. ಒಂದನ್ನು ನೋಡಲು ಬಂದವನು ಉಳಿದವನ್ನೂ ನೋಡಿಯೇ ಏಳುತ್ತಾನೆ. ಒಂದೇ ಕಂತು ವಾರದಲ್ಲಿ ಬೇರೆ ಬೇರೆ ಸಭಾಂಗಣಗಳಲ್ಲಿ ಮತ್ತೆ ಮತ್ತೆ ನಡೆಯುವುದರಿಂದ, ಮೊದಲ ದಿನ ಯಾರಿಗೂ ತಿಳಿಯದಿದ್ದ ಚಿತ್ರ ಬಾಯಿಮಾತಿನಲ್ಲೇ ಹರಡಿ ವಾರದ ಕೊನೆಗೆ ಬಾಗಿಲಲ್ಲಿ ಸಾಲು ನಿಲ್ಲಿಸುತ್ತದೆ.

ಮುಖ್ಯ ಸಭಾಂಗಣವಾದ ಕಾಕ್ತೋದಲ್ಲಿ ಸುಮಾರು 1,400 ಆಸನಗಳಿವೆ. ಕಾಲೇಜಿನಲ್ಲಿ ಮಾಡಿದ ಹನ್ನೆರಡು ನಿಮಿಷದ ಚಿತ್ರವನ್ನು ಅಷ್ಟು ಜನ ಒಟ್ಟಿಗೆ ಕತ್ತಲಲ್ಲಿ ಕುಳಿತು ನೋಡುವುದನ್ನು, ತಾನು ನಗು ನಿರೀಕ್ಷಿಸಿದ ಕಡೆ ಮೌನವನ್ನೂ ನಿರೀಕ್ಷಿಸದ ಕಡೆ ನಗುವನ್ನೂ ಕೇಳಿಸಿಕೊಳ್ಳುವುದನ್ನು ಯಾವ ಚಲನಚಿತ್ರ ಶಾಲೆಯ ಪಾಠವೂ ಕೊಡಲಾರದು. ಪ್ರೇಕ್ಷಕರ ಬಹುಮಾನವನ್ನು ನಿರ್ಧರಿಸುವವರೂ ಹೀಗೆ ಟಿಕೆಟ್ ಕೊಂಡು ಬಂದವರೇ, ಮತ್ತು ಅವರು ಆ ಕೆಲಸವನ್ನು ಬಹಳ ಗಂಭೀರವಾಗಿ ಮಾಡುತ್ತಾರೆ.

ಇಲ್ಲಿಂದ ಮುಂದೆ ಹೋದವರಲ್ಲಿ ಇಬ್ಬರ ಹೆಸರು ಹೇಳುತ್ತೇನೆ. ಗಂಡನ ಹಿಂಸೆಯಿಂದ ಮಕ್ಕಳೊಡನೆ ಪಾರಾಗಲು ಹೊರಟ ಹೆಣ್ಣಿನ ಕಥೆಯನ್ನು ಅರ್ಧ ಗಂಟೆಯ ಚಿತ್ರದಲ್ಲಿ ಹೇಳಿದ ಗ್ಸಾವಿಯೆ ಲೆಗ್ರಾಂ 2013ರಲ್ಲಿ ಇಲ್ಲಿ ಫ್ರೆಂಚ್ ವಿಭಾಗದ ಮಹಾಬಹುಮಾನವನ್ನೂ ಪ್ರೇಕ್ಷಕರ ಬಹುಮಾನವನ್ನೂ ಪಡೆದರು. ಅದೇ ಮುಖ್ಯ ಕಲಾವಿದರೊಂದಿಗೆ ಅದೇ ಕಥೆಯನ್ನು ಮುಂದುವರಿಸಿ ಮಾಡಿದ ಪೂರ್ಣಾವಧಿ ಚಿತ್ರಕ್ಕೆ 2017ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ರಜತ ಸಿಂಹ ಪ್ರಶಸ್ತಿ ದೊರೆಯಿತು. ಪ್ಯಾರಿಸಿನ ಹೊರವಲಯದ ಬಡಾವಣೆಯ ಬದುಕನ್ನು ಕಿರುಚಿತ್ರವಾಗಿಸಿದ ಲಾಜ್ ಲಿ ಅವರಿಗೆ 2017ರಲ್ಲಿ ಇಲ್ಲಿ ಒಂದು ಟಿವಿ ವಾಹಿನಿಯ ಬಹುಮಾನ ಬಂದಿತ್ತು. ಅದನ್ನೇ ವಿಸ್ತರಿಸಿದ ಚಿತ್ರ 2019ರಲ್ಲಿ ಕಾನ್‌ನಲ್ಲಿ ಜ್ಯೂರಿ ಪ್ರಶಸ್ತಿಯನ್ನು ಹಂಚಿಕೊಂಡಿತು.

ಹಣದ ವಿಷಯದಲ್ಲಿ ಎಲ್ಲವೂ ಸುಗಮವಾಗಿಲ್ಲ. 2021ರಲ್ಲಿ ಕೋವಿಡ್‌ನಿಂದಾಗಿ ಉತ್ಸವವನ್ನು ಆನ್‌ಲೈನ್‌ನಲ್ಲೇ ನಡೆಸಬೇಕಾಯಿತು. 2023ರಲ್ಲಿ ಪ್ರಾದೇಶಿಕ ಸರ್ಕಾರ ತನ್ನ ಅನುದಾನವನ್ನು ಸುಮಾರು ಅರ್ಧಕ್ಕೆ ಇಳಿಸಿತು. ನಾಲ್ಕು ದಶಕ ಕಟ್ಟಿದ ಸಂಸ್ಥೆಯೂ ಒಂದು ಕಡತದ ಸಹಿಗೆ ಕಾಯಬೇಕಾದ ಈ ಸ್ಥಿತಿ ನನ್ನನ್ನು ಚಿಂತೆಗೀಡುಮಾಡುತ್ತದೆ. ಆದರೂ ಮುಂದಿನ ವರ್ಷ ಉತ್ಸವ ನಡೆಯಿತು, ಊರಿನವರು ಟಿಕೆಟ್ ಕೊಂಡರು.

ಕನ್ನಡನಾಡಿನಲ್ಲಿ ಕಿರುಚಿತ್ರ ಮಾಡುತ್ತಿರುವ ಗೆಳೆಯರಿಗೆ ನಾನು ಮುಖ್ಯವಾಗಿ ತಿಳಿಸಬೇಕೆಂದಿರುವುದು ಮಾರುಕಟ್ಟೆಯ ಬಗ್ಗೆ. ಪ್ರತಿವರ್ಷ ಸಾವಿರಾರು ಚಿತ್ರಗಳು ಇಲ್ಲಿಗೆ ಬರುತ್ತವೆ, ಸ್ಪರ್ಧೆಗೆ ಆಯ್ಕೆಯಾಗುವುದು ಅವುಗಳಲ್ಲಿ ಕೆಲವೇ ಕೆಲವು. ಆದರೆ ಆಯ್ಕೆಯಾಗದ ಚಿತ್ರಗಳೂ ಮಾರುಕಟ್ಟೆಯ ವಿಡಿಯೋ ಸಂಗ್ರಹದಲ್ಲಿ ಇರುತ್ತವೆ. ಟಿವಿ ವಾಹಿನಿಗಳ ಖರೀದಿದಾರರು, ವಿತರಕರು, ಬೇರೆ ಉತ್ಸವಗಳ ಆಯ್ಕೆದಾರರು ಅಲ್ಲಿ ಕುಳಿತು ತಮಗೆ ಬೇಕಾದದ್ದನ್ನು ಹುಡುಕುತ್ತಾರೆ. ಇಲ್ಲಿ ತಿರಸ್ಕೃತವಾದ ಚಿತ್ರವೊಂದು ಹೀಗೆ ಇನ್ನೊಂದು ದೇಶದ ಉತ್ಸವಕ್ಕೆ ಕರೆ ಪಡೆಯಲು ದಾರಿಯಿದೆ. ಮಾತು ಕನ್ನಡದಲ್ಲಿದ್ದರೆ ಯಾವ ಅಡ್ಡಿಯೂ ಇಲ್ಲ, ಇಂಗ್ಲಿಷ್ ಅಥವಾ ಫ್ರೆಂಚ್ ಉಪಶೀರ್ಷಿಕೆ ಇರಬೇಕು. ಚಿತ್ರದ ಅವಧಿ ಮತ್ತು ಅದು ಮುಗಿದ ದಿನಾಂಕದ ಬಗ್ಗೆ ಆಯಾ ವರ್ಷದ ನಿಯಮಗಳನ್ನು ಓದಿಕೊಳ್ಳಿ, ಉಪಶೀರ್ಷಿಕೆಯನ್ನು ಕೊನೆಯ ರಾತ್ರಿಯ ಕೆಲಸವಾಗಿಸದೆ ಆ ಭಾಷೆ ಚೆನ್ನಾಗಿ ಬಲ್ಲವರಿಂದ ಮಾಡಿಸಿ, ಕಳುಹಿಸಿ.