ಮನೆಗಿಂತ ಮೊದಲು ಸೇತುವೆ ನೋಡಿದೆವು

ಅಮೆರಿಕದ ಫ್ಲೋರಿಡಾದ ಪಂಟಾ ಗೋರ್ಡಾ ಊರಿನಲ್ಲಿ ನೀರಿನ ಪಕ್ಕ ಮನೆ ಕೊಂಡಿದ್ದೇವೆ ಅಂದ ಕೂಡಲೇ ಶರಾವತಿ ಹಿನ್ನೀರಿನಾಚೆಯ ತುಮರಿಯ ನಮ್ಮ ಮನೆಯವರು ಕೇಳುವುದು, ಅಲ್ಲಿಂದ ಸಮುದ್ರ ಕಾಣುತ್ತದಾ ಎಂದು. ಕಾಣುವುದಿಲ್ಲ. ಹಿತ್ತಲಿನಲ್ಲಿ ಇರುವುದು ಒಂದು ಕಾಲುವೆ. ಅದು ಇನ್ನೊಂದು ಕಾಲುವೆಗೆ ಸೇರುತ್ತದೆ, ಆಮೇಲೆ ಷಾರ್ಲಟ್ ಹಾರ್ಬರ್ ಎಂಬ ದೊಡ್ಡ ಕೊಲ್ಲಿಗೆ, ಕೊನೆಗೆ ಬೋಕಾ ಗ್ರಾಂಡೆ ಎಂಬಲ್ಲಿ ಮೆಕ್ಸಿಕೋ ಕೊಲ್ಲಿಗೆ. ದೋಣಿಯಲ್ಲಿ ಮೂರ್ನಾಲ್ಕು ಗಂಟೆಯ ಹಾದಿ. ನಮ್ಮದು ಹಾಯಿದೋಣಿ, ಹಾಗಾಗಿ ನಾವು ದುಡ್ಡು ಕೊಟ್ಟಿದ್ದು ಮನೆಗಿಂತ ಜಾಸ್ತಿ ಈ ಹಾದಿಗೆ.

2025ರ ಜುಲೈನಲ್ಲಿ ಆ ಹಿನ್ನೀರಿಗೆ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ಇಡೀ ಕರೂರು ಸೀಮೆಯೇ ಸಂಭ್ರಮಪಟ್ಟಿತು. ನಾನೂ ಫೋನಿನಲ್ಲಿ ಆ ವಿಡಿಯೋ ನೋಡಿ ಅತ್ತಿದ್ದೇನೆ. ಲಾಂಚಿಗೆ ಕಾದು ಬೆಳೆದವರಿಗೆ ಸೇತುವೆ ಅಂದರೆ ಏನು ಅಂತ ಬೇರೆಯವರು ಹೇಳಬೇಕಾಗಿಲ್ಲ. ಆದರೆ ಎತ್ತರದ ಕಂಬ ಹೊತ್ತ ಹಾಯಿದೋಣಿಗೆ ತಗ್ಗಿನ ಸೇತುವೆ ಎಂದರೆ ಅಲ್ಲಿಗೆ ದಾರಿ ಮುಗಿಯಿತು. ನಮ್ಮ ದೋಣಿ 36 ಅಡಿ ಉದ್ದ. ನೀರಿನ ಮಟ್ಟದಿಂದ ಹಾಯಿಕಂಬದ ತುದಿಗೆ 53 ಅಡಿ, ಅದರ ಮೇಲೆ ರೇಡಿಯೋ ಆಂಟೆನಾ ಬೇರೆ. ಅಮೆರಿಕದ ಪೂರ್ವ ಕರಾವಳಿಯ ಒಳನಾಡ ಜಲಮಾರ್ಗದಲ್ಲಿ ತೆರೆಯಲಾಗದ ಸೇತುವೆಗಳು ಸಾಮಾನ್ಯವಾಗಿ 65 ಅಡಿ ಜಾಗ ಬಿಡುತ್ತವೆ. ಮಯಾಮಿಯ ಜೂಲಿಯಾ ಟಟಲ್ ಸೇತುವೆ ಮಾತ್ರ 56 ಅಡಿ. ಇವೆಲ್ಲ ದೊಡ್ಡ ದಾರಿಯ ಸೇತುವೆಗಳು. ಬಡಾವಣೆಯೊಳಗೆ ಕಾಲುವೆ ದಾಟುವ ಪುಟ್ಟ ರಸ್ತೆಸೇತುವೆಗಳ ಅಡಿಯಲ್ಲಿ ಮೀನು ಹಿಡಿಯುವ ಮೋಟಾರು ದೋಣಿ ನುಸುಳಿದರೆ ಅದೇ ಹೆಚ್ಚು.

ಇಲ್ಲಿಯ ಮನೆ ಜಾಹೀರಾತುಗಳಲ್ಲಿ 'ಗಲ್ಫ್ ಆಕ್ಸೆಸ್' ಅಂತ ಇರುತ್ತದೆ. ಸಮುದ್ರಕ್ಕೆ ದಾರಿ ಇದೆ, ಮಧ್ಯೆ ಸೇತುವೆಯೂ ಇರಬಹುದು ಅಂತ ತಿಳಿಯಬೇಕು. ಕಂಬ ತಗುಲುವಂಥ ಸೇತುವೆ ಒಂದೂ ಇಲ್ಲದ ಕಾಲುವೆಗಳನ್ನು 'ಸೈಲ್‌ಬೋಟ್ ಆಕ್ಸೆಸ್' ಎಂದು ಬೇರೆಯಾಗಿಯೇ ಹಾಕುತ್ತಾರೆ. ಬೆಲೆಯೂ ಬೇರೆ. ಪಕ್ಕದ ಕೇಪ್ ಕೋರಲ್ ಊರಿನಲ್ಲಿ 1957ರಿಂದ ರೋಸನ್ ಸಹೋದರರು ಜೌಗು ನೆಲ ಅಗೆದು, ಆ ಮಣ್ಣನ್ನೇ ನಿವೇಶನಗಳಿಗೆ ತುಂಬಿ ಬಡಾವಣೆ ಕಟ್ಟಿದರು. ಈಗ ಅಲ್ಲಿ ಸುಮಾರು 400 ಮೈಲಿ ಕಾಲುವೆ ಇದೆ. ಎಷ್ಟೋ ಕಾಲುವೆಗಳಲ್ಲಿ ಸಿಹಿನೀರು, ಅವು ಸಮುದ್ರಕ್ಕೆ ಸೇರುವುದೇ ಇಲ್ಲ. ಫೋಟೋದಲ್ಲಿ ಎಲ್ಲ ಒಂದೇ ತರಹ ಕಾಣುತ್ತವೆ.

ಸೇತುವೆ ಆದ ಮೇಲೆ ಆಳ. ದೋಣಿಯ ಕೀಲ್, ಅಂದರೆ ತಳದಿಂದ ಕೆಳಕ್ಕೆ ಚಾಚಿದ ಭಾಗ, ನೀರಿನೊಳಗೆ ನಾಲ್ಕೂವರೆ ಅಡಿ ಇಳಿಯುತ್ತದೆ. ನಕ್ಷೆಯಲ್ಲಿ ಸೇತುವೆಯ ಎತ್ತರವನ್ನು ಸರಾಸರಿ ಉಬ್ಬರದ ಮಟ್ಟದಿಂದ ಕೊಟ್ಟಿರುತ್ತಾರೆ, ನೀರಿನ ಆಳವನ್ನು ದಿನದ ಅತಿ ತಗ್ಗಿನ ಇಳಿತದ ಸರಾಸರಿಯಿಂದ. ಎರಡೂ ನಾವಿಕನ ಸುರಕ್ಷತೆಗೇ ಮಾಡಿದ ಲೆಕ್ಕ. ಆದರೆ ಚಳಿಗಾಲದಲ್ಲಿ ಶೀತಗಾಳಿ ಬಂದು ಉತ್ತರದಿಂದ ಬೀಸಿದರೆ ಕೊಲ್ಲಿಯ ನೀರನ್ನೇ ಹೊರಗೆ ದೂಡಿಬಿಡುತ್ತದೆ. ಆಗ ಕಾಲುವೆ ನಕ್ಷೆಯ ಲೆಕ್ಕಕ್ಕಿಂತಲೂ ಕೆಳಗೆ ಇಳಿಯುತ್ತದೆ. ಶರಾವತಿ ಹಿನ್ನೀರು ಇಳಿದ ಬೇಸಿಗೆಯಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಹಾಗಾಗಿ ನೋಡಿದ ಪ್ರತಿ ಮನೆಯಲ್ಲೂ ನೀರು ಎಷ್ಟು ಏರುತ್ತದೆ ಎಂದು ಕೇಳುವ ಮೊದಲು ಎಷ್ಟು ಇಳಿಯುತ್ತದೆ ಎಂದು ಕೇಳಿದೆ. ಉತ್ತರ ಮಾರುವವರಿಂದ ಅಲ್ಲ, ಅದೇ ಕಾಲುವೆಯಲ್ಲಿ ದೋಣಿ ಕಟ್ಟಿದ ಅಕ್ಕಪಕ್ಕದವರಿಂದ ಸಿಕ್ಕಿತು.

ಇನ್ನು ಹಿತ್ತಲಿನ ತಡೆಗೋಡೆ. ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇದರದ್ದೇ. ಕಾಲುವೆ ದಡಕ್ಕೆ ಕಾಂಕ್ರೀಟ್ ಹಲಗೆಗಳ ಗೋಡೆ, ಅದರ ಹಿಂದೆ ಮಣ್ಣು, ಮಣ್ಣಿನ ಮೇಲೆ ಮನೆ. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಕಾಯೋ ಕೋಸ್ಟಾ ದ್ವೀಪಕ್ಕೆ ಬಡಿದಾಗ ಷಾರ್ಲಟ್ ಹಾರ್ಬರಿನ ನೀರನ್ನು ಗಾಳಿ ಮೊದಲು ಹೊರಗೆ ಎಳೆದುಕೊಂಡಿತು. ಕಾಲುವೆಗಳು ಬರಿದಾದವು. ಗೋಡೆಯ ಮುಂದೆ ಒತ್ತಿ ಹಿಡಿಯಲು ನೀರಿಲ್ಲ, ಹಿಂದೆ ಮಳೆಯಲ್ಲಿ ನೆನೆದು ಭಾರವಾದ ಮಣ್ಣು. ಆಷಾಢದಲ್ಲಿ ನಮ್ಮ ಮನೆ ಹಿಂದಿನ ಧರೆ ಜಾರುವ ಹಾಗೆಯೇ, ಗೋಡೆ ಮುಂದಕ್ಕೆ ಬಾಗಿತು. ಪಂಟಾ ಗೋರ್ಡಾದ ಎಷ್ಟೋ ಕಡೆ ಗೋಡೆಗಳು ಬಿದ್ದವು. ಈ ಊರಿನಲ್ಲಿ ಕಾಲುವೆ ಬಡಾವಣೆಯ ಗೋಡೆ ರಿಪೇರಿ ನಗರಾಡಳಿತದ ಕೆಲಸ. ಅದಕ್ಕೆ ಮನೆಯವರು ವರ್ಷವರ್ಷವೂ ಶುಲ್ಕ ಕಟ್ಟುತ್ತಾರೆ. ಕೇಪ್ ಕೋರಲ್‌ನಲ್ಲಿ ಗೋಡೆ ಬಿದ್ದರೆ ಮನೆಯವರದೇ ಖರ್ಚು. ನಾವು ಪಂಟಾ ಗೋರ್ಡಾ ಆರಿಸಿಕೊಂಡದ್ದಕ್ಕೆ ಇದು ದೊಡ್ಡ ಕಾರಣ.

ಪ್ರವಾಹ ವಿಮೆಯದ್ದೂ ಒಂದು ಲೆಕ್ಕ ಇದೆ. ಸರ್ಕಾರಿ ಯೋಜನೆಯಲ್ಲಿ ಒಂದು ಮನೆಯ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್. ಮನೆಸಾಲಕ್ಕಾಗಿ ಅಲ್ಲದೆ ಸುಮ್ನೆ ನಾವಾಗಿಯೇ ಮಾಡಿಸಿದರೆ ಸಾಮಾನ್ಯವಾಗಿ 30 ದಿನದ ನಂತರವೇ ಅದು ಜಾರಿಗೆ ಬರುತ್ತದೆ. ಚಂಡಮಾರುತದ ಸುದ್ದಿ ಕೇಳಿ ಓಡಿದರೆ ಪ್ರಯೋಜನ ಇಲ್ಲ.

ಇಷ್ಟೆಲ್ಲ ನೋಡಿ ನಾವು ಕೊಂಡದ್ದು ಹಳೇ ಮನೆ. ಅಡುಗೆಮನೆ ಇಕ್ಕಟ್ಟು. ಇದಕ್ಕಿಂತ ಎಷ್ಟೋ ಚೆಂದದ, ಅಗಲ ಕಾಲುವೆಯ ಮನೆಯೊಂದು ಕಡಿಮೆ ಬೆಲೆಗೆ ಬರುತ್ತಿತ್ತು. ಅದರ ಮುಂದಿನ ತಿರುವಿನಲ್ಲಿ ಒಂದು ತಗ್ಗು ಸೇತುವೆ ಇತ್ತು, ಬಿಟ್ಟೆವು. ಕಾಲುವೆಯ ಒಳಗೊಳಗೆ ಇದ್ದ ಇನ್ನೊಂದನ್ನೂ ಬಿಟ್ಟೆವು. ಕಾಲುವೆಯಲ್ಲಿ ಅಲೆ ಎಬ್ಬಿಸದೆ ನಿಧಾನ ಹೋಗಬೇಕು, ಮ್ಯಾನಟಿ ಎಂಬ ನೀರಹಸುಗಳಿರುವ ಕಡೆ ಇನ್ನೂ ನಿಧಾನ. ಕೊಲ್ಲಿ ಸೇರುವುದಕ್ಕೇ ಗಂಟೆಗಟ್ಟಲೆ ಹಿಡಿದರೆ ಸಂಜೆ ಕೆಲಸ ಮುಗಿಸಿ ಹಾಯಿ ಎತ್ತುವ ಆಸೆ ಬಿಡಬೇಕಾಗುತ್ತದೆ, ಅಲ್ವಾ?

ಸಾಗರದ ಕಡೆಯ ಹುಡುಗನೊಬ್ಬ ಟ್ಯಾಂಪಾಕ್ಕೆ ಕೆಲಸಕ್ಕೆ ಬರುತ್ತಿದ್ದಾನೆ. ಹೊನ್ನೇಮರಡುವಿನ ಹಿನ್ನೀರಿನಲ್ಲಿ ದೋಣಿ ಹುಟ್ಟು ಹಾಕಿ ಕಲಿತವನು. ಈಗಿನಿಂದಲೇ ಇಂಥ ಮನೆಗಳ ಫೋಟೋ ಕಳಿಸುತ್ತಾನೆ. ಅವನಿಗೆ ನಾನು ಹೇಳಿರುವುದು, ಮೊದಲು ಒಂದು ಚಳಿಗಾಲ ಮರೀನಾದಲ್ಲಿ, ಅಂದರೆ ದೋಣಿ ನಿಲ್ಲಿಸುವ ತಾಣದಲ್ಲಿ, ದೋಣಿಗೆ ಜಾಗ ಬಾಡಿಗೆಗೆ ಹಿಡಿ. ಇಳಿತದ ಹೊತ್ತಿನಲ್ಲಿ, ಉತ್ತರ ಗಾಳಿ ಬೀಸಿದ ಮಾರನೇ ದಿನ, ಮನಸ್ಸಿಗೆ ಬಂದ ಕಾಲುವೆಗಳಿಗೆ ಚಿಕ್ಕ ದೋಣಿಯಲ್ಲಿ ಹೋಗಿ ಆಳ ಅಳೆದು ಬಾ. ಆಮೇಲೆ ಮನೆ ನೋಡೋಣ.