ಗಾಡಿಮನೆಗೆ ಸೋಲಾರ್: ಲೆಕ್ಕ ಆಷಾಢದಿಂದ ಶುರುವಾಗಲಿ

ಟೆಂಪೋ ಟ್ರಾವೆಲರನ್ನು ಮನೆ ಮಾಡಿಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ವ್ಯಾಟಿನ ಪ್ಯಾನೆಲ್ ಬೇಕು ಅಂತ. ಅದಕ್ಕಿಂತ ಮುಂಚೆ ದಿನದ ಖರ್ಚು ಬರೆದುಕೊಳ್ಳಿ. 45 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಸುಮಾರು 45 ವ್ಯಾಟ್ ಎಳೆಯುತ್ತದೆ. ಸೆಕೆಗಾಲದಲ್ಲಿ ದಿನದ ಅರ್ಧ ಹೊತ್ತು ಓಡಿದರೂ 540 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ್ದು) ಆಯಿತು. 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹತ್ತು ಗಂಟೆಗೆ 280, ನಾಲ್ಕು ಎಲ್‌ಇಡಿ ದೀಪಗಳಿಗೆ 100, ಲ್ಯಾಪ್‌ಟಾಪ್, ಮೊಬೈಲುಗಳಿಗೆ 250, ನೀರಿನ ಪಂಪಿಗೆ 15, ಚಟ್ನಿ ರುಬ್ಬುವ ಮಿಕ್ಸಿಗೆ 50. ಒಟ್ಟು 1235. ವೈರು, ಇನ್ವರ್ಟರುಗಳಲ್ಲಿ ಸೋರಿಹೋಗುವುದನ್ನು ಸೇರಿಸಿ 1400 ಅಂತ ಇಟ್ಟುಕೊಳ್ಳಿ.

ಇಂಡಕ್ಷನ್ ಒಲೆ ಈ ಪಟ್ಟಿಯಲ್ಲಿಲ್ಲ. ಒಂದು ಗಂಟೆ ಉರಿಸಿದರೆ ಇಡೀ ದಿನದ ವಿದ್ಯುತ್ ಮುಗಿಯುತ್ತದೆ, ಅಡುಗೆಗೆ ಗ್ಯಾಸೇ ಇರಲಿ. ಎಸಿಯ ಆಸೆಯನ್ನೂ ಬಿಡುವುದೇ ಒಳ್ಳೆಯದು. ಪಟ್ಟಿಯಲ್ಲಿ ಯಾರೂ ಬರೆಯದ ಇನ್ನೊಂದು ಖರ್ಚಿದೆ: 1000 ವ್ಯಾಟಿನ ಇನ್ವರ್ಟರು ಏನೂ ಕೆಲಸವಿಲ್ಲದೆ ಸುಮ್ಮನೆ ಆನ್ ಇದ್ದರೂ ಗಂಟೆಗೆ ಹತ್ತು ವ್ಯಾಟ್-ಅವರಿನಷ್ಟು ತಿನ್ನುತ್ತದೆ, ಅಂದರೆ ದಿನಕ್ಕೆ 240. ಮಿಕ್ಸಿ ಮುಗಿದ ತಕ್ಷಣ ಆಫ್ ಮಾಡಿ. ಲ್ಯಾಪ್‌ಟಾಪಿಗೆ 12 ವೋಲ್ಟಿನಿಂದಲೇ ನಡೆಯುವ ಟೈಪ್-ಸಿ ಕಾರ್ ಚಾರ್ಜರ್ ಸಾಕು.

ಈಗ ಬಿಸಿಲು. ಏಪ್ರಿಲಿನ ವಿಜಯಪುರದಲ್ಲಿ ಅಥವಾ ಹಂಪಿಯಲ್ಲಿ ನಿಂತು ಲೆಕ್ಕ ಹಾಕಿದರೆ ಯಾವ ಸಿಸ್ಟಮ್ಮಾದರೂ ಸಾಕೆನಿಸುತ್ತದೆ. ಲೆಕ್ಕ ಹಾಕಬೇಕಾದದ್ದು ಆಷಾಢದ ಆಗುಂಬೆ, ಮಡಿಕೇರಿಗಳಿಗೆ. ಅಲ್ಲಿ ದಿನಕ್ಕೆ ಎರಡೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕರೆ ಸಿಕ್ಕಿತು. ಪ್ಯಾನೆಲ್ ಮೇಲೆ ಬರೆದ ವ್ಯಾಟು ಪೂರ್ತಿ ಕೈಗೆ ಬರುವುದಿಲ್ಲ. ಬಿಸಿ, ಧೂಳು, ವೈರಿಂಗ್ ಎಲ್ಲ ಕಳೆದು ಮುಕ್ಕಾಲು ಪಾಲು ಉಳಿಯುತ್ತದೆ. ಹಾಗಾಗಿ 400 ವ್ಯಾಟ್ ಹಾಕಿದರೆ ಆಷಾಢದಲ್ಲಿ ಸಿಗುವುದು 750 ವ್ಯಾಟ್-ಅವರ್, 600 ವ್ಯಾಟ್ ಹಾಕಿದರೆ 1125. ನಮ್ಮ ಸಲಹೆ 200 ವ್ಯಾಟಿನ ಮೂರು ಮೋನೋ ಪ್ಯಾನೆಲ್. ಉಳಿಯುವ 275ರ ಕೊರತೆಯನ್ನು ಇಂಜಿನ್ ತುಂಬುತ್ತದೆ: ಇಂಜಿನ್ ಕಡೆಯ ಕರೆಂಟನ್ನು ಹದಮಾಡಿ ಬ್ಯಾಟರಿಗೆ ಕೊಡುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿದರೆ ಒಂದು ಗಂಟೆ ಗಾಡಿ ಓಡಿಸಿದಾಗ ಸುಮಾರು 400 ವ್ಯಾಟ್-ಅವರ್ ಸಿಗುತ್ತದೆ. ಲಿಥಿಯಂ ಬ್ಯಾಟರಿಯನ್ನು ಆಲ್ಟರ್ನೇಟರಿಗೆ (ಇಂಜಿನ್ ತಿರುಗಿಸುವ ಜನರೇಟರಿಗೆ) ನೇರವಾಗಿ ಕಟ್ಟಬೇಡಿ. ಅದು ಸಿಕ್ಕಷ್ಟು ಕರೆಂಟನ್ನೂ ಎಳೆದು ಆಲ್ಟರ್ನೇಟರನ್ನು ಸುಡಬಹುದು.

ನಮ್ಮ ಅಕ್ಷಾಂಶದಲ್ಲಿ ಪ್ಯಾನೆಲ್ ಮಟ್ಟಸ ಮಲಗಿದ್ದರೂ ವರ್ಷದ ಲೆಕ್ಕದಲ್ಲಿ ನಷ್ಟ ಕಡಿಮೆ, ಓರೆ ಮಾಡುವ ಯಂತ್ರಕ್ಕೆ ದುಡ್ಡು ಸುರಿಯಬೇಡಿ. ಆದರೆ ತಗಡಿಗೆ ಅಂಟಿಸಲೂಬೇಡಿ. ಎರಡು ಇಂಚು ಗಾಳಿಯಾಡಲು ಬಿಡಿ. ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ ಬಿಸಿಯಿಂದಲೇ ಶೇ. 14ರಷ್ಟು ಹೋಗುತ್ತದೆ. ಮರದ ನೆರಳಿನಲ್ಲಿ ನಿಲ್ಲಿಸುವ ಗಾಡಿಗೆ ಮೂರನ್ನೂ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ) ಕಟ್ಟುವುದು ವಾಸಿ, ಒಂದರ ಮೇಲೆ ನೆರಳು ಬಿದ್ದರೆ ಉಳಿದೆರಡು ದುಡಿಯುತ್ತವೆ. ಮೂರು ಪ್ಯಾರಲಲ್ ಆದಾಗ ಪ್ರತಿಯೊಂದಕ್ಕೂ 15 ಆಂಪಿಯರಿನ ಫ್ಯೂಸ್ ಬೇಕೇ ಬೇಕು. ಕೆಟ್ಟ ಪ್ಯಾನೆಲಿಗೆ ಬೇರೆರಡರ ಕರೆಂಟು ಹಿಮ್ಮುಖವಾಗಿ ನುಗ್ಗುವ ಅಪಾಯ ಇರುತ್ತದೆ. ಕೆಳಗಿಳಿಯುವ ಕೇಬಲ್ 10 ಸ್ಕ್ವೇರ್ ಎಂಎಂ, ಎಂಪಿಪಿಟಿ (ಪ್ಯಾನೆಲಿನ ಕರೆಂಟನ್ನು ಬ್ಯಾಟರಿಗೆ ಹದಮಾಡುವ ಕಂಟ್ರೋಲರ್) 50 ಆಂಪಿಯರ್.

ಬ್ಯಾಟರಿ 12.8 ವೋಲ್ಟ್, 200 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್. ಬಳಸಲು ಸಿಗುವುದು ಸುಮಾರು 2150 ವ್ಯಾಟ್-ಅವರ್, ಅಂದರೆ ಒಂದೂವರೆ ದಿನ. ಮನೆಯ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿ ಅಗ್ಗ ನಿಜ, ಆದರೆ ಅರ್ಧ ಮಾತ್ರ ಬಳಸಬಹುದು, ಭಾರ ಎರಡು ಪಟ್ಟಿಗೂ ಹೆಚ್ಚು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದನ್ನು ಮಲಗುವ ಜಾಗದಲ್ಲಿ ಇಡುವುದು ಬೇಡ. ಲಿಥಿಯಮ್ಮಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) 150 ಆಂಪಿಯರಿನದಿರಲಿ. 1000 ವ್ಯಾಟಿನ ಇನ್ವರ್ಟರು ಪೂರ್ತಿ ದುಡಿದರೆ 93 ಆಂಪಿಯರ್ ಎಳೆಯುತ್ತದೆ. 100ರ ಬಿಎಂಎಸ್ ಆದರೆ ಮಿಕ್ಸಿ ಸ್ಟಾರ್ಟಾಗುವ ಹೊತ್ತಿಗೇ ಟ್ರಿಪ್ ಆಗಿ ಇಡೀ ಗಾಡಿ ಕತ್ತಲಾಗಬಹುದು. ಲಡಾಖಿಗೆ ಹೋಗುವವರು ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜಿಂಗ್ ನಿಲ್ಲಿಸುವ ಬಿಎಂಎಸ್ಸೇ ಕೇಳಿ ತಗೊಳ್ಳಿ. ಆ ಚಳಿಯಲ್ಲಿ ಚಾರ್ಜ್ ಮಾಡಿದರೆ ಸೆಲ್ ಒಳಗೊಳಗೇ ಹಾಳಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಸಿಸ್ಟಮ್ ಕೈಕೊಡುವುದು ಹೆಚ್ಚಾಗಿ ವೈರಿನಲ್ಲಿ. ಫ್ರಿಜ್ಜನ್ನೇ ನೋಡಿ. ಬ್ಯಾಟರಿಯಿಂದ 5 ಮೀಟರ್ ದೂರ, 5 ಆಂಪಿಯರ್ ಕರೆಂಟು. ವೋಲ್ಟೇಜ್ ಇಳಿತದ ಲೆಕ್ಕ ಸುಲಭ: ದೂರದ ಎರಡರಷ್ಟನ್ನು ಆಂಪಿಯರಿನಿಂದ ಮತ್ತು 0.0175ರಿಂದ ಗುಣಿಸಿ, ವೈರಿನ ಸ್ಕ್ವೇರ್ ಎಂಎಂನಿಂದ ಭಾಗಿಸಿ. 1 ಸ್ಕ್ವೇರ್ ಎಂಎಂ ವೈರಿನಲ್ಲಿ 0.87 ವೋಲ್ಟ್ ಹೋಗುತ್ತದೆ. ಬ್ಯಾಟರಿ ಇನ್ನೂ ಸಾಕಷ್ಟು ತುಂಬಿದ್ದರೂ ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ವೋಲ್ಟೇಜ್ ಕುಸಿದು, ಬ್ಯಾಟರಿ ಖಾಲಿ ಅಂದುಕೊಂಡು ಫ್ರಿಜ್ ಬಂದ್ ಆಗುತ್ತದೆ. ಜನ ಹೊಸ ಬ್ಯಾಟರಿ ತರುತ್ತಾರೆ, ತೊಂದರೆ ಹಾಗೇ ಇರುತ್ತದೆ. 2.5 ಸ್ಕ್ವೇರ್ ಎಂಎಂ ಹಾಕಿದರೆ ಇಳಿತ 0.35. ಫ್ರಿಜ್ಜಿಗೆ 4 ಹಾಕಿಬಿಡಿ. ಸಿಗರೇಟ್ ಲೈಟರ್ ಸಾಕೆಟ್ ಬೇಡ, ಅದರ ಸಡಿಲ ಸಂಪರ್ಕವೂ ಇದೇ ಕಾಟ ಕೊಡುತ್ತದೆ.

ಇನ್ವರ್ಟರಿಗೆ 35 ಸ್ಕ್ವೇರ್ ಎಂಎಂ, ಒಂದು ಮೀಟರಿನೊಳಗೆ. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ 125 ಆಂಪಿಯರಿನ ಕ್ಲಾಸ್-ಟಿ (ಭಾರೀ ಕರೆಂಟನ್ನೂ ತಟ್ಟನೆ ಕಡಿಯುವ) ಫ್ಯೂಸ್. ಫ್ಯೂಸ್ ಇರುವುದು ವೈರನ್ನು ಕಾಪಾಡಲು, ಹಾಗಾಗಿ ವೈರಿನ ತಾಕತ್ತಿಗಿಂತ ದೊಡ್ಡ ಫ್ಯೂಸ್ ಹಾಕಬಾರದು. ಮನೆಯ ಎಸಿ ಕರೆಂಟಿಗೆ ಮಾಡಿದ ಎಂಸಿಬಿಯನ್ನು (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚನ್ನು) ಪ್ಯಾನೆಲಿನ ಡಿಸಿ ಲೈನಿಗೆ ಹಾಕುವುದು ಎಲ್ಲೆಡೆ ಕಾಣುವ ತಪ್ಪು. ಡಿಸಿ ಕಿಡಿ ತಾನಾಗಿ ಆರುವುದಿಲ್ಲ, ಒಳಗೇ ಉರಿಯುತ್ತಾ ಎಂಸಿಬಿ ಕರಗುತ್ತದೆ. ಡಿಸಿ ಎಂಸಿಬಿಯನ್ನೇ ತಂದು, ಅದರ ಮೇಲಿನ ಪ್ಲಸ್ ಮೈನಸ್ ಗುರುತು ನೋಡಿ ಕೂರಿಸಿ.

ಜೋಡಿಸುವಾಗ ಎಂಪಿಪಿಟಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ವೈರು ಮಲ್ಟಿಸ್ಟ್ರಾಂಡ್ ಆಗಿರಲಿ, ಲಗ್ಗುಗಳನ್ನು (ವೈರಿನ ತುದಿಗೆ ಹಾಕುವ ಲೋಹದ ಕಿವಿಗಳನ್ನು) ಹೈಡ್ರಾಲಿಕ್ ಕ್ರಿಂಪರಿನಲ್ಲೇ ಒತ್ತಿಸಿ. ಸುತ್ತಿಗೆಯಲ್ಲಿ ಬಡಿದ ಲಗ್ಗು ಶಿರಾಡಿ ಘಾಟ್ ಒಮ್ಮೆ ಇಳಿಯುವಷ್ಟರಲ್ಲಿ ಸಡಿಲವಾದೀತು. ಗಾಡಿಯ ರಚನೆ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುವುದರಿಂದ, ಚಾವಣಿಗೆ ತೂತು ಕೊರೆಯುವ ಮುಂಚೆಯೇ ಆರ್‌ಟಿಒದಲ್ಲಿ ವಿಚಾರಿಸಿ. ಮೊದಲ 500 ಕಿಲೋಮೀಟರ್ ಆದಮೇಲೆ ಪ್ಯಾನೆಲ್ ಎಂಸಿಬಿ ಇಳಿಸಿ, ಬ್ಯಾಟರಿ ಕಡೆಯ ಮೇನ್ ಸ್ವಿಚ್ಚೂ ಆಫ್ ಮಾಡಿ, ಪ್ರತಿ ನಟ್ಟನ್ನೂ ಸ್ಪ್ಯಾನರಿನಲ್ಲಿ ಮತ್ತೊಮ್ಮೆ ಬಿಗಿ ಮಾಡಿ.