ಎರಡು ರ‍್ಯಾಂಕ್, ಒಂದೇ ಮುಖ

ಕಳ್ಳ ಸಿಕ್ಕಿದ. ಅವನ ನಂಬರ್ 8205.

ಕಾಗುಣಿತದ ತಪ್ಪು ಹಿಡಿಯುವ ತಂತ್ರಾಂಶ ಹನ್‌ಸ್ಪೆಲ್‌ಗೆ ಕಟ್ಟುತ್ತಿರುವ ಪದಪಟ್ಟಿಯಲ್ಲಿ ‘ರ‍್ಯಾಂಕ್’ ಎರಡು ಸಲ ಬಂದು ಕೂತಿತ್ತು. ಸಾರ್ಟ್ ಮಾಡಿ ನಕಲುಗಳನ್ನು ಅಳಿಸಿದರೂ ಎರಡೇ. ಎಡಿಟರ್‌ನಲ್ಲಿ ಒಂದರ ಕೆಳಗೊಂದು, ಅವಳಿ ಮಕ್ಕಳ ಹಾಗೆ. ಒಂದನ್ನು ಕಾಪಿ ಮಾಡಿ ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಅದೇ ಫೈಲಿನಲ್ಲಿ ಬೇರೆ ಕಡೆ ಮೂರನೆಯವನೊಬ್ಬ, ‘ರ್ಯಾಂಕ್’ ಎಂದು ಅರ್ಕಾವತ್ತು ಅಂಟಿಸಿಕೊಂಡು ನಿಂತಿದ್ದ. ಫೈಲು ಸರಿಯಾಗಿ ಉಳಿಸಲಾಗಿದೆಯೇ ಎಂದು ನೋಡಿದ್ದಾಯಿತು. ಫಾಂಟಿನ ಮೇಲೂ ಅನುಮಾನ ಬಂತು. ನೋಟೋ ಸಾನ್ಸ್ ಕನ್ನಡ ತೆಗೆದು ಲೋಹಿತ್ ಹಾಕಿ, ಲೋಹಿತ್ ತೆಗೆದು ಗುಬ್ಬಿ ಹಾಕಿ ನೋಡಿದರೂ ಅವಳಿ ಅವಳಿಯೇ.

ಅಕ್ಷರ ನೋಡುವುದು ಬಿಟ್ಟು ಪ್ರತಿ ಅಕ್ಷರಕ್ಕೂ ಯೂನಿಕೋಡ್ ಕೊಟ್ಟಿರುವ ಸಂಖ್ಯೆ ನೋಡಿದಾಗ ಗಂಟು ಬಿಚ್ಚಿತು. ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ ‘ಆರ್ಡ್’ ಕೊಡುವ ದಶಮಾನ ಸಂಖ್ಯೆಗಳನ್ನೇ ಹಾಕುತ್ತೇನೆ. ರ ಅಂದರೆ 3248, ಹಲಂತ (ಅಕಾರ ತೆಗೆಯುವ ‘್’ ಚಿಹ್ನೆ) 3277, ಯ 3247. ಅರ್ಕಾವತ್ತಿನ ‘ರ್ಯಾಂಕ್’ ಶುರುವಾಗುವುದು 3248, 3277, 3247 ಎಂದು. ಅವಳಿಗಳಲ್ಲಿ ಮೊದಲನೆಯದು 3248, 8205, 3277, 3247. ಎರಡನೆಯದು 3248, 3277, 8205, 3247. ನಡುವೆ ಜಾಗ ಬದಲಿಸಿದ 8205 ಅಂದರೆ ಜೀರೋ ವಿಡ್ತ್ ಜಾಯಿನರ್ ಎಂಬ ಜೋಡಿಸುವ ಗುರುತು, ಅಗಲವೂ ಇಲ್ಲ, ಆಕಾರವೂ ಇಲ್ಲ. ಅರ್ಕಾವತ್ತಿನ ರೂಪ 21 ಬೈಟ್, ಅವಳಿಗಳು ಎರಡೂ 24 ಬೈಟ್. ಹಾಗಾಗಿ ಉದ್ದ ಅಳೆದೂ ಅವಳಿಗಳನ್ನು ಬೇರ್ಪಡಿಸಲಾಗದು.

ಯೂನಿಕೋಡ್ ನಿಯಮ ಸ್ಪಷ್ಟವಾಗಿದೆ. ರ, ಹಲಂತ, ವ್ಯಂಜನ ಬಂದರೆ ಅರ್ಕಾವತ್ತು. ಪೂರ್ತಿ ರ ಬರೆದು ಕೆಳಗೆ ಒತ್ತು ಬೇಕಿದ್ದರೆ ರ ಆದ ಕೂಡಲೇ, ಹಲಂತಕ್ಕೆ ಮೊದಲು, ಜಾಯಿನರ್ ಹಾಕಬೇಕು. ಅಂದರೆ ಅವಳಿಗಳಲ್ಲಿ ಮೊದಲನೆಯದೇ ಸರಿ. ಎರಡನೆಯದು ಹಳೆಯ ರೂಢಿ. ಅದೂ ಸರಿಯಾಗಿಯೇ ಕಾಣುವುದೇಕೆ? ಅಕ್ಷರಗಳನ್ನು ಜೋಡಿಸಿ ತೆರೆಗೆ ಅಣಿಮಾಡುವ ತಂತ್ರಾಂಶ ಹಾರ್ಫ್‌ಬಜ್ ಮಾಡುವ ಉಪಕಾರ ಅದು. ಹಳೆಯ ಕನ್ನಡ ಪಠ್ಯ ಕೆಡಬಾರದೆಂದು ಹಿಂದುಮುಂದಾದ ಜಾಯಿನರ್ ಅನ್ನು ಚಿತ್ರಿಸುವ ಹೊತ್ತಿಗೆ ಸರಿಯಾದ ಜಾಗದಲ್ಲಿದ್ದಂತೆಯೇ ನೋಡಿಕೊಳ್ಳುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, 27ನೇ ಆವೃತ್ತಿಯಿಂದೀಚಿನ ಈಮ್ಯಾಕ್ಸ್ ಎಡಿಟರ್ ಎಲ್ಲವೂ ಹಾರ್ಫ್‌ಬಜ್ ಬಳಸುತ್ತವೆ. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಆಜ್ಞೆ ಬರೆಯುವ ಟರ್ಮಿನಲ್ ಕಿಟಕಿಗಳಲ್ಲಿ ಹೆಚ್ಚಿನವಕ್ಕೆ ಒತ್ತಕ್ಷರ ಜೋಡಿಸುವುದೇ ಬಾರದು, ಅಲ್ಲಿ ಕಂಡದ್ದನ್ನು ನಂಬಿ ಫೈಲಿಗೆ ಕೈ ಹಾಕಬೇಡಿ.

ಮೂರು ರೂಪ ಬಂದದ್ದು ಮೂರು ಕಂತಿನಲ್ಲಿ ಬಂದ ಫೈಲಿನಿಂದ. ಯೂನಿಕೋಡ್‌ಗೆ ಮೊದಲಿನ, ‘ನುಡಿ’ ತಂತ್ರಾಂಶದ ಮಾದರಿಯ ಫಾಂಟುಗಳಲ್ಲಿ ಅರ್ಕಾವತ್ತಿಗೆ 240ನೇ ಸ್ಥಾನದಲ್ಲಿ ಸ್ವಂತ ಚಿಹ್ನೆ ಇದೆ. ‘ಸೂರ್ಯ’ದಲ್ಲಿ ಯ ಬರೆದು ಪಕ್ಕಕ್ಕೆ ಅದನ್ನು ಇಡುತ್ತಾರೆ. ‘ರ‍್ಯಾಂಕ್’ನಲ್ಲಿ ರಾ ಬರೆದು ಕೆಳಗೆ ಯ ಒತ್ತು ಇಡುತ್ತಾರೆ. ಹಳೆಯ ಫೈಲಿನಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆದಂತೆ ಇರುತ್ತದೆ. ಅದನ್ನು ಯೂನಿಕೋಡ್‌ಗೆ ತಿರುಗಿಸುವಾಗ ಸೋಮಾರಿ ಪರಿವರ್ತಕ ಎರಡಕ್ಕೂ ರ, ಹಲಂತ, ಯ ಎಂದು ಉಗುಳಿ ಕೈತೊಳೆದುಕೊಳ್ಳುತ್ತದೆ. ಇನ್ನೊಂದು ಜಾಯಿನರ್ ಹಾಕುತ್ತದೆ, ಹಳೆಯ ಜಾಗದಲ್ಲಿ. ಮೂರನೆಯದು ಸರಿಯಾಗಿ ಹಾಕುತ್ತದೆ. ಡಿಟಿಪಿ ಅಂಗಡಿಯವರನ್ನು ಯಾವುದರಲ್ಲಿ ಮಾಡಿದಿರಿ ಎಂದು ಕೇಳಿದರೆ ‘ಯೂನಿಕೋಡ್‌ನಲ್ಲೇ ಸಾರ್’ ಎಂಬ ಉತ್ತರ. ಮೂಲ ಫೈಲು ಕೊಡಿ ಎಂದರೆ ಪಿಡಿಎಫ್ ಬರುತ್ತದೆ. ಹಾಲು ಕೇಳಿದರೆ ಹಸುವಿನ ಫೋಟೋ ಕಳಿಸಿದಂತೆ.

ಯಾವ ಉಪಕರಣವೂ ಇಲ್ಲದೆ ಅವಳಿಗಳನ್ನು ಗುರುತಿಸುವ ಉಪಾಯ ಒಂದಿದೆ. ಒಂದೊಂದೇ ಕೋಡ್‌ಪಾಯಿಂಟ್ (ಅಂದರೆ ಮೇಲಿನ ಒಂದೊಂದು ಸಂಖ್ಯೆ) ಅಳಿಸುವ ಎಡಿಟರ್‌ನಲ್ಲಿ ‘ರ‍್ಯ’ ಎಂದಷ್ಟೇ ಬಿಟ್ಟು ಅದರ ಬಲಕ್ಕೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಹೊಡೆಯಿರಿ. ಮೊದಲ ಏಟಿಗೆ ಎರಡರಲ್ಲೂ ಯ ಹೋಗಿ ‘ರ್’ ಉಳಿಯುತ್ತದೆ. ಎರಡನೇ ಏಟಿಗೆ ತೆರೆಯ ಮೇಲೆ ಏನೂ ಅಲ್ಲಾಡದಿದ್ದರೆ ಅದು ಹಳೆಯ ಜಾತಿ, ಹೋದದ್ದು ಜಾಯಿನರ್. ಎರಡನೇ ಏಟಿಗೆ ‘ರ’ ಆಗಿ, ಮೂರನೇ ಏಟು ಖಾಲಿ ಬಿದ್ದರೆ ಅದು ಸರಿಯಾದದ್ದು. ವಿಮ್ ಎಡಿಟರ್‌ನವರು ‘ಜಿ’ ಮತ್ತು ‘8’ ಒತ್ತಿದರೆ ಕರ್ಸರ್ ಕೆಳಗಿನ ಬೈಟುಗಳೇ ಸಿಗುತ್ತವೆ. ಈಮ್ಯಾಕ್ಸ್‌ನಲ್ಲಿ ಅಕ್ಷರ ಜೋಡಿಸುವ ಆಟೋ-ಕಾಂಪೊಸಿಷನ್-ಮೋಡ್ ಆಫ್ ಮಾಡಿ, ಕಾಣದ ಅಕ್ಷರಗಳ ಪ್ರದರ್ಶನವನ್ನು ಸಂಕ್ಷೇಪಾಕ್ಷರಕ್ಕೆ ಬದಲಿಸಿದರೆ ಜಾಯಿನರ್ ಪುಟ್ಟ ಪೆಟ್ಟಿಗೆಯಾಗಿ ಎದುರು ಬಂದು ನಿಲ್ಲುತ್ತದೆ.

ತುಂಡಾಗಿ ಬರೆದ ಅಕ್ಷರಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ನಾರ್ಮಲೈಸೇಷನ್ ಮಾಡಿದರೆ ಸಾಕಲ್ಲ ಎನ್ನುವವರಿಗೆ: ಸಾಲದು. ಕಿ ಪಕ್ಕ ದೀರ್ಘದ ಗೆರೆ ಬೇರೆಯಾಗಿ ಉಳಿದಿದ್ದರೆ, ಅಂದರೆ 3263 ಆದ ಮೇಲೆ 3285 ಇದ್ದರೆ, ಅದು ಎರಡನ್ನೂ ಬೆಸೆದು 3264 ಮಾಡುತ್ತದೆ. ಕೋ, ಕೇ, ಕೈಗಳ ತುಂಡುಗಳೂ ಹಾಗೆಯೇ ಕೂಡುತ್ತವೆ. ಅದನ್ನು ಮೊದಲು ಮಾಡಿ. ಆದರೆ ಜಾಯಿನರ್ ಅನ್ನು ಅದು ಮುಟ್ಟುವುದಿಲ್ಲ.

ಎನ್‌ಎಫ್‌ಸಿ ಆದ ಮೇಲೆ 3248, 3277, 8205 ಬಂದು ಅದರ ಮುಂದೆ ವ್ಯಂಜನವಿದ್ದರೆ ಕೊನೆಯ ಎರಡನ್ನು ಅದಲು ಬದಲು ಮಾಡಿ. ಮುಂದೆ ಏನೂ ಇಲ್ಲದೆ ಪದದ ತುದಿಯಲ್ಲಿ ನೇತಾಡುವ 8205 ಕಸ, ಅಳಿಸಿ. ರ ಬಿಟ್ಟು ಬೇರೆ ವ್ಯಂಜನದ ಬಳಿ ಸಿಕ್ಕ ಜಾಯಿನರ್‌ಗಳನ್ನು ಬೇರೆ ಫೈಲಿಗೆ ತೆಗೆದು ಒಂದೊಂದಾಗಿ ನೋಡಿ. ಮತ್ತೆ ಅದರ ದಾಯಾದಿ 8204, ನಾನ್-ಜಾಯಿನರ್. ಅದಕ್ಕೆ ಕೈ ಹಚ್ಚಬೇಡಿ. ‘ಸಾಫ್ಟ್‌ವೇರ್’, ‘ಎಂಜಿನಿಯರ್‌ಗಳು’ ನೆಟ್ಟಗೆ ನಿಂತಿರುವುದು ಅದರಿಂದಲೇ. ಕಾಣದ ಅಕ್ಷರ ತೆಗೆಯುವ ಪ್ಲಗಿನ್ ಓಡಿಸಿದರೆ ಜಾಯಿನರ್ ಜೊತೆ ಇದೂ ಹೋಗಿ ‘ಎಂಜಿನಿಯರ್ಗಳು’ ಆಗುತ್ತದೆ.

ಪದದ ಮೊದಲಲ್ಲಿ ‘ರ್ಯ’ ಕಂಡರೆ ಕಣ್ಣು ಮುಚ್ಚಿ ‘ರ‍್ಯ’ ಮಾಡಬಹುದು, ಏಕೆಂದರೆ ಕನ್ನಡದಲ್ಲಿ ಅರ್ಕಾವತ್ತಿನಿಂದ ಪದ ಶುರುವಾಗುವುದಿಲ್ಲ. ಈ ಸುಲಭದ ಹೆಜ್ಜೆಯಲ್ಲೇ ದೊಡ್ಡ ಪೆಟ್ಟು ಬಿದ್ದದ್ದು. ಪೈಥಾನ್ ರೆಜೆಕ್ಸ್‌ನ (ಮಾದರಿ ಕೊಟ್ಟು ಪಠ್ಯ ಹುಡುಕುವ ವಿಧಾನ) ಪದದಂಚಿನ ಗುರುತು ಬಳಸಿ ಓಡಿಸಿದರೆ ಸೂರ್ಯ ‘ಸೂರ‍್ಯ’ ಆಯಿತು. ಕಾರ್ಯ ಕೆಟ್ಟಿತು, ಧೈರ್ಯ ಹೋಯಿತು, ಮರ್ಯಾದೆ ಮಾತ್ರ ಉಳಿಯಿತು. ತಮಾಷೆಯಲ್ಲ, ನಿಜಕ್ಕೂ ಹಾಗೆಯೇ ಆಗುತ್ತದೆ. ಪೈಥಾನ್‌ನ ಮಾಮೂಲಿ ರೆಜೆಕ್ಸ್ ಕನ್ನಡದ ಸ್ವರಚಿಹ್ನೆಗಳನ್ನು ಪದದ ಭಾಗ ಎಂದು ಎಣಿಸುವುದಿಲ್ಲ. ಸೂ, ಕಾ, ಧೈಗಳ ಕೊನೆಯಲ್ಲಿ ಸ್ವರಚಿಹ್ನೆ ಇರುವುದರಿಂದ ಅಲ್ಲಿ ಪದ ಮುಗಿಯಿತು, ರ ಇಂದ ಹೊಸ ಪದ ಎಂದುಕೊಳ್ಳುತ್ತದೆ. ಮರ್ಯಾದೆಯ ಮ, ಐಶ್ವರ್ಯದ ವ ಬರಿಯ ಅಕ್ಷರಗಳು, ಹಾಗಾಗಿ ಬಚಾವು. ಸಾಲಿಗೊಂದು ಪದ ಇರುವ ಪಟ್ಟಿಯಾದರೆ ಸಾಲಿನ ಆರಂಭದ ಗುರುತೇ ಸಾಕು. ಓಡುವ ಗದ್ಯವಾದರೆ ಹಿಂದಿನ ಅಕ್ಷರ 3200ರಿಂದ 3327ರ ಒಳಗಿಲ್ಲ, 8204 ಅಥವಾ 8205 ಅಲ್ಲ ಎಂದು ಹಿನ್ನೋಟದ ಷರತ್ತು ಹಾಕಿ. ಸಾರ್ಟ್ ಮಾಡುವಾಗ ಲೊಕೇಲ್ (ಭಾಷೆಯ ಸೆಟ್ಟಿಂಗ್) ಅನ್ನು ‘ಸಿ’ಗೆ ಇಟ್ಟರೆ ಹೋಲಿಕೆ ಬೈಟ್ ಲೆಕ್ಕದಲ್ಲಿ ನಡೆಯುತ್ತದೆ, ಅನುಮಾನಕ್ಕೆ ಜಾಗವಿಲ್ಲ.

ಇದರ ನಡುವೆ ಹುಟ್ಟಿದ ಮುಂದಿನ ಪ್ರಾಜೆಕ್ಟ್: ಒಂದೇ ಕೀಲಿಗೆ ‘ರ‍್’. ಜಾಯಿನರ್ ಒತ್ತಲು ಮೂರು ಬೆರಳಿನ ಕಸರತ್ತು ಇರುವವರೆಗೆ ಜನ ಅದನ್ನು ತಪ್ಪು ಜಾಗದಲ್ಲೇ ಹಾಕುತ್ತಾರೆ, ಇಲ್ಲವೇ ಹಾಕುವುದೇ ಇಲ್ಲ. ಟೈಪಿಂಗ್ ವ್ಯವಸ್ಥೆ ಎಂ17ಎನ್‌ನ ಕೀಲಿಮಣೆ ವಿನ್ಯಾಸದ ಫೈಲು ಒಂದು ಕೀಲಿಗೆ ಹಲವು ಕೋಡ್‌ಪಾಯಿಂಟ್ ಕೊಡಬಲ್ಲದು. ಬಳಕೆಯಲ್ಲಿರುವ ವಿನ್ಯಾಸದ ನಕಲು ತೆಗೆದು 3248, 8205, 3277 ಮೂರನ್ನೂ ಒಂದು ಸಾಲಿನಲ್ಲಿ ಕಟ್ಟಿದರೆ ಮುಗಿಯಿತು. ಯಾವ ಕೀಲಿ ಖಾಲಿ ಎಂಬುದೇ ಈಗಿನ ಜಗಳ.

ಪದಪಟ್ಟಿಗೆ ವಾಪಸ್. ಹಳೆಯ ಜಾತಿಯನ್ನು ಹೊಸದಕ್ಕೆ ತಿರುಗಿಸುವ ನಿಯಮ ಹನ್‌ಸ್ಪೆಲ್‌ನ ನಿಯಮಗಳಿರುವ ಅಫಿಕ್ಸ್ ಫೈಲಿನಲ್ಲಿ, ಒತ್ತಿದ್ದನ್ನು ಹುಡುಕುವ ಮೊದಲು ಬದಲಿಸುವ ‘ಐಕಾನ್ವ್’ ಕೋಷ್ಟಕಕ್ಕೆ ಹೋಯಿತು. ಬಳಕೆದಾರ ಯಾವ ಕ್ರಮದಲ್ಲಿ ಒತ್ತಿದರೂ ಹನ್‌ಸ್ಪೆಲ್ ಸರಿಯಾದದ್ದನ್ನೇ ಹುಡುಕುತ್ತದೆ. ಕೋಷ್ಟಕದ ಮೊದಲ ಸಾಲಿನಲ್ಲಿ ಬರೆಯುವ ನಿಯಮಗಳ ಎಣಿಕೆ ತಪ್ಪಿದರೆ ಅದು ಸಿಟ್ಟಾಗುತ್ತದೆ, ಎಣಿಸಿ ಹಾಕಿ. ಕಡೆಗಣಿಸಬೇಕಾದ ಅಕ್ಷರಗಳ ‘ಇಗ್ನೋರ್’ ಸಾಲಿಗೆ ಜಾಯಿನರ್ ಸೇರಿಸುವ ಅಡ್ಡದಾರಿ ಬೇಡ, ಆಗ ‘ರ್ಯಾಂಕ್’ ಕೂಡ ಸರಿ ಎಂದು ಪಾಸಾಗುತ್ತದೆ. ಆ ತಪ್ಪು ರೂಪಕ್ಕೆ ಪದಾರಂಭದ ಗುರುತು ಹಾಕಿದ, ಬದಲಿ ಸೂಚಿಸುವ ‘ರೆಪ್’ ಸಾಲೊಂದು ಇದ್ದರೆ ಕೆಂಪು ಗೆರೆ ಎಳೆದು ಸರಿಯಾದ ರೂಪ ಸೂಚಿಸುತ್ತದೆ.

ಉಳಿದಿರುವುದು ಪದದ ನಡುವಿನವು. ‘ಯಾರ‍್ಯಾರು’, ‘ಬೇರ‍್ಯಾರು’ ಎಂದು ಬರೆಯುವವರೂ ಇದ್ದಾರೆ, ‘ಯಾರ್ಯಾರು’ ಎಂದು ಅರ್ಕಾವತ್ತು ಕೊಡುವವರೂ ಇದ್ದಾರೆ. ಕನ್ನಡದ ಬರಹವನ್ನು ಸರಳಗೊಳಿಸಲು ಹೊರಟ ಹೊಸಬರಹದವರು ‘ಕರ‍್ನಾಟಕ’ ಎಂದೇ ಬರೆಯುತ್ತಾರೆ, ಅದು ಪರಿವರ್ತಕದ ತಪ್ಪಲ್ಲ, ಬೇಕೆಂದೇ ಬರೆದದ್ದು. ಇವನ್ನೆಲ್ಲ ಬೇರೆ ಫೈಲಿಗೆ ತೆಗೆದಿಟ್ಟಾಗಿದೆ. ಸದ್ಯಕ್ಕೆ ಎರಡೂ ರೂಪ ಪಟ್ಟಿಯಲ್ಲಿರಲಿ, ಆದರೆ ಜಾಯಿನರ್ ಮಾತ್ರ ರ ಪಕ್ಕದಲ್ಲೇ.